ಒಲೆ ಆರಿಸುವ ನೀರು

ನಮ್ಮೂರಿನಲ್ಲಿ ಕೆರೆಯಿಂದ ನೀರು ತರಬೇಕಾದರೆ ಅದು ಯಾತಕ್ಕೆ ಎಂದು ಮೊದಲು ಕೆರೆಗೆ ಹೇಳಬೇಕು. ಹೇಳಿದ್ದು ನಿಜವಾದರೆ ಕೊಡ ತುಂಬುತ್ತದೆ. ಸುಳ್ಳಾದರೆ ಎಷ್ಟು ಆಳಕ್ಕೆ ಅದ್ದಿದರೂ ಒಣ ಕೊಡವೇ ಮೇಲೆ ಬರುತ್ತದೆ, ತಳದಲ್ಲಿ ಒಂದು ಹನಿಯೂ ಇರುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ಬಾಯಿ ಬಿಡುವಂಥದ್ದೇನೂ ಕಾಣುವುದಿಲ್ಲ. ಬೇರೆ ಊರುಗಳಲ್ಲಿ ನೀರಿಗಾಗಿ ಸರದಿ ನಿಲ್ಲುತ್ತಾರೆ, ಕೊಡ ಹಿಡಿದು ಜಗಳವಾಡುತ್ತಾರೆ. ನಾವು ನಿಜ ಹೇಳುತ್ತೇವೆ. ಎರಡರಲ್ಲಿ ಯಾವುದು ಸುಲಭ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಚಹಾದಂಗಡಿಯ ಹೊನ್ನೂರಪ್ಪ ದಿನಾ ಬೆಳಿಗ್ಗೆ ಮೆಟ್ಟಿಲಿಳಿದು, "ಹಾಲಿಗೆ ಬೆರಸಾಕ" ಎಂದು ಯಾವ ನಾಚಿಕೆಯೂ ಇಲ್ಲದೆ ಹೇಳಿ ಎರಡು ಕೊಡ ಒಯ್ಯುತ್ತಾನೆ. ಪುರಸಭೆಯ ಟ್ಯಾಂಕಿನವನು, "ಕುಡಿಯಾಕ, ತೊಳಿಯಾಕ, ಒಡದ ಪೈಪಿನಾಗ ಹರದು ಹೋಗಾಕ" ಎನ್ನುತ್ತಾನೆ. ಒಮ್ಮೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಆ ಕೊನೆಯ ಮಾತು ಇಲಾಖೆಗೆ ಅವಮಾನವೆಂದು ತೆಗೆಸಿದರು. ಊರಿಗೆ ನೀರು ನಿಂತಿತು. ಪೈಪು ರಿಪೇರಿ ಮಾಡಿಸುವುದಕ್ಕಿಂತ ಮಾತನ್ನು ವಾಪಸು ಸೇರಿಸುವುದು ಸುಲಭವೆಂದು ಅವರಿಗೂ ಬೇಗ ತಿಳಿಯಿತು. ಇವತ್ತಿಗೂ ಆ ಪೈಪು ಸೋರುತ್ತಲೇ ಇದೆ.

ಹೀಗೆ ಎಲ್ಲರೂ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾದ ಊರಿನಲ್ಲಿ ಮಾನ ಮುಚ್ಚಿಕೊಂಡು ಬದುಕುವುದಕ್ಕೆ ಒಂದು ದಾರಿಯೂ ಬೇಕಲ್ಲ. ಅದಕ್ಕೇ ಒಬ್ಬರು ಕೆರೆಯೊಡನೆ ಮಾತಾಡುವಾಗ ಮೆಟ್ಟಿಲ ಮೇಲಿರುವ ಉಳಿದವರು ಬಾಯಿ ಮುಚ್ಚಿ ಮೂಗಿನಲ್ಲೇ ಗುಂಯ್ ಎನ್ನುತ್ತಾರೆ. ರಾಗವೂ ಇಲ್ಲ, ತಾಳವೂ ಇಲ್ಲ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಿರಲಿ ಎಂದು ಅಷ್ಟೇ. ಹೊಸದಾಗಿ ಮದುವೆಯಾದವರು, ರೋಗಿಗಳಿರುವ ಮನೆಯವರು, ಗುಡ್ಡದ ಹಿಂದೆ ಕಳ್ಳಭಟ್ಟಿ ಇಳಿಸುವವರು, ಎಲ್ಲರೂ ಈ ಗುಂಯ್ ಎನ್ನುವ ಸದ್ದಿನ ಮರೆಯಲ್ಲೇ ನೀರು ತರುತ್ತಾರೆ. ಸುಮ್ಮನೆ ನಿಂತು ಕಿವಿಗೊಡುವವನಿಗೆ ನಮ್ಮೂರಿನಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ.

ಕಾರ್ಖಾನೆಯ ನೀರಿಗೆ ಮಾತ್ರ ಯಾರೂ ಗುಂಯ್‌ಗುಡುವುದಿಲ್ಲ, ಅದು ಎಲ್ಲರ ನೀರು. ಅದನ್ನು ಕೇಳುವವಳು ನನ್ನ ಹೆಂಡತಿ ಗಾಳೆವ್ವ. ಅವಳ ತಾಯಿ ಮಾಡುತ್ತಿದ್ದ ಕೆಲಸ ಅವಳಿಗೆ ಬಂದಿದೆ. ದಿನಾ ಬೆಳಿಗ್ಗೆ ಉಕ್ಕಿನ ಕಾರ್ಖಾನೆಯ ಪಂಪು ಶುರುವಾಗುವ ಮೊದಲು ತಾಮ್ರದ ಕೊಡ ಹಿಡಿದು ಮೆಟ್ಟಿಲಿಳಿದು, "ಕಬ್ಬಣ ತಣ್ಣಗ ಮಾಡಾಕ, ಕೋಕ್ ಆರಸಾಕ, ಆಳುಗಳು ಮೈ ತೊಳಕೊಳ್ಳಾಕ, ಉಳದದ್ದು ಹೊಲಸು ಮಾಡಿ ಹಳ್ಳಕ್ಕ ಬಿಡಾಕ" ಎನ್ನುತ್ತಾಳೆ. ಆ ಕೊಡ ತುಂಬಿತೆಂದರೆ ಆ ದಿನ ಪಂಪು ಎಷ್ಟು ಬೇಕಾದರೂ ಎಳೆದುಕೊಳ್ಳಬಹುದು. ತುಂಬಿದ ಕೊಡವನ್ನು ಅವಳೇ ದಂಡೆ ಹತ್ತಿಸುವಂತಿಲ್ಲ. ಮೇಲಿನ ಮೆಟ್ಟಿಲಲ್ಲಿ ಇನ್ನೊಬ್ಬರು ಕೈನೀಡಿ ಇಳಿಸಿಕೊಳ್ಳಬೇಕು. ಅವರು ಈ ಕೆರೆಯ ನೀರು ಕುಡಿದೇ ಬೆಳೆದವರಾಗಿರಬೇಕು, ಇಳಿಸಿಕೊಳ್ಳುವಾಗ ಯಾತಕ್ಕೆಂದು ತಾವೂ ಹೇಳಬೇಕು. ಆ ಮಾತು ಸುಳ್ಳಾದರೆ ತುಂಬಿದ ಕೊಡ ಅವರ ಕೈಯಲ್ಲೇ ಹಗುರವಾಗಿಬಿಡುತ್ತದೆ. ದಿನನಿತ್ಯದ ಕೊಡವನ್ನು ಪಂಪಿನ ಮನೆಯವನು ಇಳಿಸಿಕೊಂಡು "ಪಂಪಿಗೆ" ಎನ್ನುತ್ತಾನೆ, ಮುಗಿಯಿತು. ಹೊಸ ಕೆಲಸಕ್ಕೆ ನೀರು ಕೇಳುವಾಗ ಅಷ್ಟು ಸುಲಭವಿಲ್ಲ.

ಕೇಳುವವರ ಬಾಯಿಯೊಂದು ಶುದ್ಧವಿದ್ದರೆ ಸಾಲದು ಎಂಬುದೂ ನಮಗೆ ಗೊತ್ತು. ನನ್ನ ಅತ್ತೆಯಿಂದ ಒಬ್ಬ ಗುತ್ತಿಗೆದಾರ ರಸ್ತೆ ಕೆಲಸಕ್ಕೆಂದು ನೀರು ಕೇಳಿಸಿದ್ದ. ಆಕೆ ನಂಬಿಯೇ ಹೇಳಿದ್ದಳು, ಆದರೂ ಕೊಡ ಒಣಗಿ ಬಂತು. ಆ ಮನುಷ್ಯ ನೀರನ್ನು ತನ್ನ ದಾಳಿಂಬೆ ತೋಟಕ್ಕೆ ತಿರುಗಿಸುವವನಿದ್ದನಂತೆ. ಮಾತು ಯಾರು ಕೊಟ್ಟರೋ ಅವರ ಮನಸ್ಸನ್ನೂ ಕೆರೆ ನೋಡುತ್ತದೆ.

ನನ್ನ ಹೆಸರು ಫಕೀರಪ್ಪ. ಕಾರ್ಖಾನೆಯ ಕೋಕ್ ಒಲೆಗಳ ಮುಂದೆ ದುಡಿಯುವವನು, ಒಲೆಯ ಆಳುಗಳ ಸಂಘಕ್ಕೆ ಮುಖಂಡ. ಕೋಕ್ ಒಲೆ ಎಂದರೆ ಮನೆಯ ಒಲೆಯಲ್ಲ. ಎರಡಾಳು ಎತ್ತರದ, ಕಿರಿದಾದ ಕೋಣೆಗಳ ಸಾಲು. ಕಲ್ಲಿದ್ದಲನ್ನು ಒಳಗೆ ತುಂಬಿ, ಗಾಳಿಯಾಡದಂತೆ ಬಾಗಿಲು ಜಡಿದು, ಬೇಯಿಸುತ್ತೇವೆ. ಬೆಂದ ಮೇಲೆ ಬಾಗಿಲು ತೆಗೆದು ಒಂದು ಕಡೆಯಿಂದ ತಳ್ಳಿದರೆ ಇನ್ನೊಂದು ಕಡೆಯಿಂದ ಕೆಂಪು ಗೋಡೆಯೇ ಎದ್ದು ಹೊರಗೆ ಬಂದು ಕುಸಿಯುತ್ತದೆ. ಅದೇ ಕೋಕು, ಅದಿಲ್ಲದೆ ಅದಿರಿನಿಂದ ಕಬ್ಬಿಣ ಬಿಡುವುದಿಲ್ಲ. ನನ್ನ ಅಪ್ಪನೂ ಅದೇ ಬಾಗಿಲುಗಳ ಮುಂದೆ ನಿಂತವನು. ಆ ಕೆಂಪು ಗೋಡೆ ಬೀಳುವುದನ್ನು ಎಷ್ಟು ಸಲ ನೋಡಿದರೂ ನನ್ನ ಎದೆಯುಬ್ಬುತ್ತದೆ. ಇಷ್ಟು ದೊಡ್ಡ ಬೆಂಕಿ ನನ್ನ ಕೈಯಡಿ ಇದೆ ಎನ್ನುವ ಸೊಕ್ಕು ಅದು, ಮುಚ್ಚಿಡುವುದೇನು.

ಆ ಎದೆಯೊಳಗೆ ಇನ್ನೊಂದು ಸಂಗತಿಯೂ ಇತ್ತು. ಕೆಲವು ವರ್ಷಗಳಿಂದ ನನಗೆ ಕೆಮ್ಮು. ಮೊದಮೊದಲು ಬೆಳಿಗ್ಗೆ ಮಾತ್ರ ಬರುತ್ತಿತ್ತು, ಆಮೇಲೆ ಅದಕ್ಕೆ ಹೊತ್ತುಗೊತ್ತು ಇಲ್ಲವಾಯಿತು. ಒಲೆಯ ಮುಂದೆ ಕೆಮ್ಮು ಬಂದರೆ ಟವೆಲ್ಲನ್ನು ಬಾಯಿಗೆ ತುರುಕಿ ಯಂತ್ರದ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಕೆಮ್ಮುವ ಆಳನ್ನು ಒಲೆಯಿಂದ ತೆಗೆದು ಗೇಟಿನಲ್ಲಿ ಕೂರಿಸುತ್ತಾರೆ, ಗೇಟಿನಲ್ಲಿ ಕೂತವನು ಸಂಘಕ್ಕೆ ಮುಖಂಡನಾಗಿ ಉಳಿಯುವುದಿಲ್ಲ. ಅದಕ್ಕೇ ಮನೆಗೆ ನೀರು ತರುವುದನ್ನೂ ನಿಲ್ಲಿಸಿದೆ. ಕಷಾಯಕ್ಕೆ ನೀರು ಬೇಕಾದರೆ ಕೆರೆಗೆ ಕೆಮ್ಮಿನ ವಿಷಯ ಹೇಳಬೇಕಿತ್ತು. ಗಾಳೆವ್ವನೇ ಹೋಗಿ ತರುತ್ತಿದ್ದಳು. ಅಲ್ಲಿ ಏನು ಹೇಳಿದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೀಗಿರುವಾಗ ಹೊಸ ಪ್ಲಾಂಟಿನ ಸುದ್ದಿ ಬಂತು. ಕೆರೆಯ ಆಚೆ ದಡದ ಬಯಲಿನಲ್ಲಿ ಹಸಿರು ಹೈಡ್ರೋಜನ್ ಮಾಡುವ ಪ್ಲಾಂಟ್ ಹಾಕುತ್ತಾರಂತೆ, ಅದರ ಗ್ಯಾಸು ನಮ್ಮ ಉಕ್ಕಿನ ಕಾರ್ಖಾನೆಗೇ ಬರುತ್ತದಂತೆ. ಇನ್ನೂ ಪ್ರಸ್ತಾವ ಅಷ್ಟೇ. ಕೆರೆ ಒಪ್ಪದೆ ನಮ್ಮೂರಿನಲ್ಲಿ ಯಾರೂ ಒಂದು ಕಲ್ಲು ಕೂಡ ಇಡುವುದಿಲ್ಲ. ಅದಕ್ಕೆಂದು ದಕ್ಷಿಣದ ಕಡೆಯಿಂದ ಇಂದುಶ್ರೀ ಎನ್ನುವ ಎಂಜಿನಿಯರ್ ಬಂದರು. ಬಂದ ಮೊದಲ ದಿನವೇ ಬಾಟಲಿ ಹಿಡಿದು ಕೆರೆಗೆ ಹೋಗಿ, ಗೆಸ್ಟ್ ಹೌಸಿನವರು ಹೇಳಿಕೊಟ್ಟಂತೆ "ಕುಡಿಯೋಕೆ" ಎಂದರಂತೆ. ಬಾಟಲಿ ಒಣಗಿ ಬಂತು. ಸ್ವಲ್ಪ ಹೊತ್ತು ಯೋಚಿಸಿ, "ನಿನ್ನಲ್ಲಿ ಉಪ್ಪು ಎಷ್ಟಿದೆ ಅಂತ ಪರೀಕ್ಷೆ ಮಾಡೋಕೆ" ಎಂದಾಗ ತುಂಬಿತಂತೆ. ಇದನ್ನು ಅವರೇ ಹೊನ್ನೂರಪ್ಪನ ಅಂಗಡಿಯಲ್ಲಿ ಕೂತು ನಗುತ್ತ ಹೇಳಿದರು. ಊರಿಗೆ ಅವರ ಮೇಲೆ ಅಂದೇ ಒಂದು ಮೆಚ್ಚಿಗೆ ಹುಟ್ಟಿತು.

ಕ್ಯಾಂಟೀನಿನಲ್ಲಿ ನಮ್ಮನ್ನೆಲ್ಲ ಕೂರಿಸಿ ಅವರು ವಿವರಿಸಿದರು. "ನೀರನ್ನ ಕರೆಂಟಿನಿಂದ ಒಡೀತೀವಿ. ಒಡೆದಾಗ ಬರೋ ಹೈಡ್ರೋಜನ್ನು ಅದಿರಿನಿಂದ ಕಬ್ಬಿಣ ಬಿಡಿಸುತ್ತೆ. ಆ ಕೆಲಸ ಮುಗಿದ ಮೇಲೆ ಅದು ಮತ್ತೆ ನೀರೇ ಆಗುತ್ತೆ. ಹೊಗೆ ಇಲ್ಲ, ಟಾರು ಇಲ್ಲ. ಕರೆಂಟು ಗುಡ್ಡದ ಮೇಲಿನ ಗಾಳಿಯಂತ್ರದಿಂದ, ಬಯಲಿನ ಸೋಲಾರಿನಿಂದ. ಅದಕ್ಕೇ ಹಸಿರು ಅನ್ನೋದು."

ನನ್ನ ಜೊತೆಗಾರ ಖಾಸಿಂಸಾಬ ಎದ್ದು ನಿಂತ. ಒಲೆಯ ನೆತ್ತಿಯ ಮೇಲೆ ನಿಂತು ಇದ್ದಲು ತುಂಬುವವನು, ನನಗಿಂತ ನಾಲ್ಕು ಬಟ್ಟೆ ಹೆಚ್ಚು ಸುಟ್ಟುಕೊಂಡವನು. "ಆ ಗ್ಯಾಸು ಹಸರ ಇರತೈತೇನ್ರಿ ಮೇಡಮ್ಮಾರ?"

"ಬಣ್ಣಾನೇ ಇಲ್ಲ. ಅದರ ಉರಿ ಕೂಡ ಕಣ್ಣಿಗೆ ಸರಿಯಾಗಿ ಕಾಣಲ್ಲ."

"ಕಾಣಲಾರದ ಉರಿ ಮುಂದ ನಾವು ನಿಂತು ಏನ್ ಮಾಡೂದ್ರಿ?"

ಎಲ್ಲರೂ ನಕ್ಕರು, ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಆ ಗ್ಯಾಸು ಕೋಕಿನ ಕೆಲಸ ಮಾಡುವುದಾದರೆ ಕೋಕು ಮಾಡುವ ನಾವು ಏನಾಗಬೇಕು? ಕಾರ್ಖಾನೆಯ ಮ್ಯಾನೇಜರು ಇನಾಮದಾರ ಸಾಹೇಬರು ಕುರ್ಚಿಯಿಂದೆದ್ದು ಗಟ್ಟಿಯಾಗಿ ಹೇಳಿದರು: "ಯಾರೂ ಹೆದರೂದು ಬ್ಯಾಡ. ಕೋಕ್ ಒಲಿ ಆರೂದಿಲ್ಲ. ಒಲಿ ಜೋಡಿ ಇದೂ ಬರೂದು, ಅಷ್ಟ." ಆಗ ಇಂದುಶ್ರೀ ತಲೆತಗ್ಗಿಸಿ ನೆಲ ನೋಡಿದರು. ಪೆನ್ನೋ ಗಿನ್ನೋ ಬಿದ್ದಿರಬೇಕು ಎಂದುಕೊಂಡೆ.

ಆ ಕ್ಷಣದಲ್ಲಿ ನನಗೊಂದು ಭಾರೀ ಉಪಾಯ ಹೊಳೆಯಿತು. ಕಾಗದದ ಮೇಲೆ ಬರೆಸಿಕೊಂಡ ಒಪ್ಪಂದಗಳು ಹರಿದುಹೋಗಿದ್ದನ್ನು ನಾವು ನೋಡಿದ್ದೆವು. ಕೆರೆಗೆ ಹೇಳಿದ ಮಾತು ಹರಿಯುವುದಿಲ್ಲ. "ಸಾಹೇಬ್ರ, ಹಂಗಾದ್ರ ಈ ಮಾತನ್ನೂ ಕೂಡಿಸಿ ಕೆರಿಗೆ ಹೇಳಸೂಣು. ಹೈಡ್ರೋಜನ್ ಮಾಡಾಕ ನೀರು ಬೇಕು, ಕೋಕ್ ಒಲಿ ಆರೂದಿಲ್ಲ ಅಂತ. ಕೊಡ ತುಂಬಲಿ, ನಾವು ನಂಬತೀವಿ" ಎಂದೆ. ಕ್ಯಾಂಟೀನ್ ತುಂಬ ಚಪ್ಪಾಳೆ. ಖಾಸಿಂಸಾಬ ನನ್ನ ಬೆನ್ನು ಮುರಿಯುವಂತೆ ಗುದ್ದಿದ. ಅಷ್ಟು ಜನರ ಮುಂದೆ ಬೇಡ ಎನ್ನುವಂತಿರಲಿಲ್ಲ, ಸಾಹೇಬರು ಆಗಲಿ ಎಂದರು. ಕೆರೆಯನ್ನು ಜಾಮೀನಿಗೆ ನಿಲ್ಲಿಸಿದ ಮೊದಲ ಮುಖಂಡ ನಾನೇ ಎಂದು ಮನೆಯವರೆಗೂ ಮೀಸೆ ತಿರುವುತ್ತ ಬಂದೆ.

ಗಾಳೆವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. "ಒಲಿ ಆರೂದಿಲ್ಲ ಅಂತ ನಾ ಹೇಳಬೇಕೇನು?" ಎಂದಳು.

"ಹೌದು."

"ನಿಮಗ ಅದ ಬೇಕೇನು?"

"ಮತ್ತೇನು ಬೇಕು? ನಮ್ಮಪ್ಪ ಕಾಯ್ದ ಒಲಿ ಅದು. ಆ ಮಂದಿ ಎಲ್ಲಾ ನನ್ನ ಬಾಯಿ ನೋಡಾಕತ್ತೈತಿ."

ರೊಟ್ಟಿ ತಿನ್ನುವಾಗ ನನಗೆ ಕೆಮ್ಮು ಬಂತು, ಅವಳು ಬಾಗಿಲು ಮುಚ್ಚಿ ಬಂದಳು.

ನೀರು ಕೇಳುವ ದಿನ ಊರಿಗೆ ಊರೇ ದಂಡೆಯ ಮೇಲಿತ್ತು. ಒಂದು ಕಡೆ ಸಾಹೇಬರು, ಇಂದುಶ್ರೀ, ಕಂಪನಿಯ ಒಂದಿಬ್ಬರು. ಇನ್ನೊಂದು ಕಡೆ ಒಲೆಯ ಆಳುಗಳು ನಾವೆಲ್ಲ, ತೊಳೆದ ಅಂಗಿ ಹಾಕಿಕೊಂಡು. ಗಾಳೆವ್ವ ಮೊಣಕಾಲುದ್ದ ನೀರಿಗಿಳಿದು, ಕೊಟ್ಟ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. "ಹೈಡ್ರೋಜನ್ ಮಾಡಾಕ ನೀರು ಬೇಕು. ಅದರಾಗ ಕಬ್ಬಣ ಬಿಡಸಾಕ. ಕೋಕ್ ಒಲಿ ಆರೂದಿಲ್ಲ." ಕೊಡ ಅದ್ದಿದಳು, ಗುಳುಗುಳು ಎನ್ನಲಿಲ್ಲ. ಎತ್ತಿದಾಗ ತಾಮ್ರದ ಹೊರಮೈ ಕೂಡ ಬಿಸಿಲಲ್ಲಿಟ್ಟ ಪಾತ್ರೆಯಷ್ಟು ಒಣಗಿತ್ತು. ಅವಳು ಕೊಡವನ್ನು ಬೋರಲು ಮಾಡಿ ಎಲ್ಲರಿಗೂ ತೋರಿಸಿದಳು.

ಖಾಸಿಂಸಾಬ ಮ್ಯಾನೇಜರ ಕಡೆ ತಿರುಗಿ ಕೇಳಿದ: "ಸಾಹೇಬ್ರ, ಏನಿದು?"

ಇನಾಮದಾರ ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಒಲಿ ಆರತಾವಪ್ಪ" ಎಂದರು. "ಒಂದಾದ ಮ್ಯಾಲ ಒಂದು. ಹೊಸ ಪ್ಲಾಂಟಿನಾಗ ಕೆಲವರಿಗೆ ಕೆಲಸ ಕಲಿಸತೀವಿ, ಎಲ್ಲಾರಿಗೂ ಆಗೂದಿಲ್ಲ. ನಾನೂ ಒಲಿ ಮುಂದಿನಿಂದನ ಮ್ಯಾಲ ಬಂದಾವ. ನಾ ರಿಟೈರ್ ಆಗೂತನಕ ಈ ಮಾತು ಹೊರಗ ಬರೂದಿಲ್ಲ ಅಂತ ತಿಳಕೊಂಡಿದ್ದೆ." ಉಳಿದದ್ದನ್ನೂ ಹೇಳಿದರು. "ಇದ್ದಲಿನಾಗ ಮಾಡಿದ ಉಕ್ಕು ಬ್ಯಾಡ ಅಂತ ಕೊಳ್ಳಾವರು ಅನ್ನಾಕತ್ತಾರ. ಈ ಪ್ಲಾಂಟ್ ಬರಲಿಲ್ಲಂದ್ರ ಒಲಿ ಅಷ್ಟ ಅಲ್ಲ, ಕಾರ್ಖಾನಿ ಪೂರಾ ನಿಂದರತೈತಿ."

"ಇದಾದ್ರೂ ಖರೇನ?" ಎಂದು ಯಾರೋ ಕೂಗಿದರು.

ಸಾಹೇಬರು ಹೊನ್ನೂರಪ್ಪನ ಕೈಯಲ್ಲಿದ್ದ ಚಹಾದ ಗ್ಲಾಸು ಇಸಿದುಕೊಂಡು, ಬೂಟು ಹಾಕಿಕೊಂಡೇ ಮೆಟ್ಟಿಲಿಳಿದರು. "ಈಗ ಹೇಳಿದ್ದೆಲ್ಲಾ ಖರೆ. ನಾಚಿಕಿ ಆಗಿ ಗಂಟಲು ಒಣಗೇತಿ, ಅದಕ್ಕ ಕುಡಿಯಾಕ" ಎಂದು ಗ್ಲಾಸು ಅದ್ದಿದರು. ತುಂಬಿತು. ಅಲ್ಲೇ ನಿಂತು ಕುಡಿದು, ಗ್ಲಾಸು ವಾಪಸು ಕೊಟ್ಟು, ಯಾರ ಮುಖವನ್ನೂ ನೋಡದೆ ಹೋದರು. ಅವರ ಮೇಲೆ ಸಿಟ್ಟು ಮಾಡಬೇಕೆಂದುಕೊಂಡೆ, ಪೂರ್ತಿ ಬರಲಿಲ್ಲ. ಅವಮಾನ ಮಾತ್ರ ಬಂತು. ಆ ಮಾತನ್ನು ಕೆರೆಯವರೆಗೆ ಎಳೆದುತಂದವನು ನಾನಲ್ಲವೇ?

ಸಂಘದ ಸಭೆ ಅಂದು ಮಧ್ಯಾಹ್ನವೇ ಸೇರಿತು. ಗಂಟಲು ಹರಿಯುವಷ್ಟು ಕೂಗಾಡಿ, ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು: ಈ ಪ್ಲಾಂಟಿಗೆ ನಮ್ಮೂರಿನ ಯಾರೂ ನೀರು ಕೇಳುವುದಿಲ್ಲ. ಕಾರ್ಖಾನೆ ನಿಲ್ಲುವುದಾದರೆ ಎಲ್ಲರಿಗೂ ನಿಲ್ಲಲಿ, ಒಲೆಯವರನ್ನು ಮಾತ್ರ ಹೊರಗೆ ಹಾಕಿ ಉಳಿದವರು ಬಾಳುವುದು ಬೇಡ. ಖಾಸಿಂಸಾಬ ನನ್ನ ಹೆಗಲ ಮೇಲೆ ಕೈಯಿಟ್ಟ. "ಫಕೀರಣ್ಣ, ಮನ್ಯಾಗ ನೀ ಹೇಳಬೇಕು. ಗಾಳೆವ್ವ ಕೇಳಲಿಲ್ಲಂದ್ರ ಬ್ಯಾರೆ ಯಾರಿಗೂ ಕಾರ್ಖಾನಿ ಪರವಾಗಿ ಕೇಳಾಕ ಬರೂದಿಲ್ಲ." ಹೇಳುತ್ತೇನೆ ಎಂದೆ.

ಸಂಜೆ ಮನೆಗೆ ಹೋದರೆ ಇಂದುಶ್ರೀ ಹೊರಗಿನ ಕಟ್ಟೆಯ ಮೇಲೆ ಗಾಳೆವ್ವನ ಜೊತೆ ಕೂತಿದ್ದರು. ನನ್ನನ್ನು ನೋಡಿ ಎದ್ದರು. "ನಾನು ಒತ್ತಾಯ ಮಾಡೋಕೆ ಬಂದಿಲ್ಲ, ಫಕೀರಪ್ಪನವರೇ. ಇವರು ಒಂದು ಮಾತು ಕೇಳಿದ್ರು, ಹೇಳ್ತಾ ಇದ್ದೆ. ಅಷ್ಟೇ."

"ಏನ್ ಕೇಳಿದಿ?" ಎಂದು ಅವರು ಹೋದ ಮೇಲೆ ಗಾಳೆವ್ವನನ್ನು ಕೇಳಿದೆ.

"ಒಡದ ನೀರಿಗೆ ನೋವಾಗತೈತೇನು ಅಂತ."

"ಏನಂದ್ರು?"

"ಗೊತ್ತಿಲ್ಲ ಅಂದ್ರು. ಮತ್ತ ಕೂಡತೈತಿ, ಅದಷ್ಟ ಗೊತ್ತು ಅಂದ್ರು."

ನಾನು ಸಂಘದ ತೀರ್ಮಾನ ಹೇಳಿದೆ. ಕೇಳಕೂಡದು ಎಂದೆ. ನನ್ನ ಮರ್ಯಾದೆಯ ಪ್ರಶ್ನೆ ಎಂದೂ ಸೇರಿಸಿದೆ. ಅವಳು ಒಳಗೆ ಹೋಗಿ ಖಾಲಿ ಬಿಂದಿಗೆ ತಂದು ನನ್ನ ಮುಂದಿಟ್ಟಳು. "ಕಷಾಯಕ್ಕ ನೀರು ಮುಗದಾವು. ಇವತ್ತ ನೀವ ತರ್ರಿ. ಕೆರಿಗೆ ಏನ್ ಹೇಳಬೇಕೋ ನೀವ ಹೇಳ್ರಿ. ತಂದ್ರ ನಿಮ್ಮ ಸಂಘ ಹೇಳಿದಂಗ ನಡಕೋತೀನಿ."

ಬಿಂದಿಗೆ ನೋಡುತ್ತ ಕೂತೆ. ಕೆರೆ ದೂರವೇನಲ್ಲ, ಬೀದಿ ದಾಟಿ ಮೆಟ್ಟಿಲಿಳಿದರೆ ಆಯಿತು. ಆ ಹೊತ್ತಿಗೆ ಅಲ್ಲಿ ನಾಲ್ಕು ಜನ ಗುಂಯ್‌ಗುಡುತ್ತ ನಿಂತಿರುತ್ತಾರೆ, ಅವರಾರೂ ಕೇಳಿಸಿಕೊಳ್ಳುವುದಿಲ್ಲ. ಆದರೂ ಏಳಲು ಆಗಲಿಲ್ಲ. ಜನ ಕೇಳಿಯಾರೆಂಬ ಭಯವಲ್ಲ ಅದು, ನನ್ನ ಬಾಯಿಂದ ಬಂದ ಮಾತನ್ನು ನಾನೇ ಕೇಳಬೇಕಲ್ಲ ಎಂಬ ಭಯ. ಒಮ್ಮೆ ಬಾಯಿಬಿಟ್ಟು ಹೇಳಿದರೆ ನಾನು ರೋಗಿ, ಸಾಯುವವನು. ಅವಳು ಕಾದಷ್ಟು ಕಾದು ತಾನೇ ಬಿಂದಿಗೆ ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ದಿನದಂತೆ ಪಂಪಿನ ನೀರು ಕೇಳಿದ ಮೇಲೆ ಗಾಳೆವ್ವ ಮನೆಗೆ ಬರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳಂತೆ. ಸುದ್ದಿ ಹಬ್ಬಲು ಎಷ್ಟು ಹೊತ್ತು? ಪಾಳಿ ಮುಗಿಸಿ ಬರುತ್ತಿದ್ದ ಒಲೆಯ ಆಳುಗಳು ಮಸಿ ಮುಖದಲ್ಲೇ ಕೆರೆಯ ಕಡೆ ಓಡಿದರು. ನಾನು ಹೋಗುವ ಹೊತ್ತಿಗೆ ದಂಡೆ ತುಂಬಿತ್ತು. ಇಂದುಶ್ರೀಯೂ ಬಂದಿದ್ದರು, ಸಾಹೇಬರು ದೂರದಲ್ಲಿ ಜೀಪಿನ ಪಕ್ಕ ನಿಂತಿದ್ದರು. ಖಾಸಿಂಸಾಬ ನನ್ನನ್ನು ನೋಡಿ, "ಹೇಳಲಿಲ್ಲೇನ?" ಎಂದ. "ಹೇಳೀನಿ" ಎಂದೆ.

ಗಾಳೆವ್ವ ಎದ್ದು ನೀರಿಗಿಳಿದಳು. ಯಾರೂ ಗುಂಯ್‌ಗುಡಲಿಲ್ಲ, ಅದು ಕಾರ್ಖಾನೆಯ ನೀರು. ಅವಳ ದನಿ ದಿನ ಬೆಳಗಿನಂತೆಯೇ ಇತ್ತು, ಏರಲಿಲ್ಲ, ಇಳಿಯಲಿಲ್ಲ.

"ಈ ನೀರು ಒಡಿಯಾಕ ಬೇಕು. ಒಡದು ಗ್ಯಾಸು ಮಾಡಾಕ, ಆ ಗ್ಯಾಸಿನಾಗ ಕಬ್ಬಣ ಬಿಡಸಾಕ. ಹಂಗ ಮಾಡಿದ ಮ್ಯಾಲ ಕೋಕ್ ಬ್ಯಾಡಾಗತೈತಿ. ಒಲಿ ಆರತಾವು. ಒಲಿ ಮುಂದಿನ ಮಂದಿ ಎಲ್ಲಾರಿಗೂ ಕೆಲಸ ಸಿಗೂದಿಲ್ಲ, ಕೆಲವ್ರು ಮನ್ಯಾಗ ಕುಂದರತಾರ. ಖಾಸಿಮಣ್ಣ ಕುಂದರಬಹುದು, ನನ್ನ ಗಂಡ ಕುಂದರಬಹುದು. ಅವರು ನನಗ ಬೈತಾರ. ಗೊತ್ತಿದ್ದ ಕೇಳಾಕತ್ತೀನಿ." ಕೊಡವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಕಂಪನಿಗೆ ಕಬ್ಬಣ ಬೇಕು, ನನಗ ಬೇಕಾಗಿಲ್ಲ. ನನಗ ಆ ಒಲಿ ಆರಬೇಕು. ನನ್ನ ಗಂಡಗ ಮಲಗಿದ್ರ ಉಸಿರು ಹತ್ತೂದಿಲ್ಲ, ಗ್ವಾಡಿಗೆ ಒರಗಿ ಕುಂತು ಬೆಳಕ ಹರಸತಾನ. ಅಂವ ತಾನಾಗಿ ಆ ಒಲಿ ಬಿಟ್ಟು ಬರಾವಲ್ಲ. ಅದಕ್ಕ ಒಲೀನ ಆರಲಿ ಅಂತ ಕೇಳಾಕತ್ತೀನಿ."

ಕೊಡ ಅದ್ದಿದಳು. ಗುಳುಗುಳು ಸದ್ದು ದಂಡೆಯ ಮೇಲಿದ್ದ ಎಲ್ಲರಿಗೂ ಕೇಳಿಸಿತು.

ಇಷ್ಟು ವರ್ಷ ಟವೆಲ್ಲಿನಲ್ಲಿ ಮುಚ್ಚಿಟ್ಟಿದ್ದನ್ನು ಹೆಂಡತಿ ಊರ ಮುಂದೆ ಬಿಚ್ಚಿ ಹರವಿದ್ದಳು. ಹೋಗಿ ಕೆನ್ನೆಗೆ ಬಾರಿಸಿಬಿಡಬೇಕು ಅನ್ನಿಸಿದ್ದು ನಿಜ. ಅದರ ಹಿಂದೆಯೇ, ನನ್ನನ್ನು ಉಳಿಸಿಕೊಳ್ಳಬೇಕೆಂದು ಇಷ್ಟು ಹಟ ಹಿಡಿದ ಜೀವ ಲೋಕದಲ್ಲಿ ಇದೊಂದೇ ಅನ್ನಿಸಿದ್ದೂ ನಿಜ. ನಾನು ಯಾರ ಮುಖವನ್ನೂ ನೋಡದೆ ನನ್ನ ಕರಿ ಹಿಡಿದ ಕೈ ನೋಡುತ್ತ ನಿಂತೆ.

ಗಾಳೆವ್ವ ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದು ಮೇಲಿನ ಮೆಟ್ಟಿಲ ಕೆಳಗೆ ನಿಂತಳು. ಇಳಿಸಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಇಂದುಶ್ರೀ ಎರಡು ಹೆಜ್ಜೆ ಇಟ್ಟು, ತಾವು ಈ ನೀರು ಕುಡಿದು ಬೆಳೆದವರಲ್ಲವೆಂದು ನೆನಪಾಗಿ ನಿಂತರು. ಪಂಪಿನ ಮನೆಯವನು ಒಲೆಯವರ ಕಡೆ ನೋಡಿ ಕೈ ಹಿಂದೆ ಕಟ್ಟಿಕೊಂಡ. ಇಳಿಸಿಕೊಳ್ಳುವವರಿಲ್ಲದಿದ್ದರೆ ಕೊಡ ಕೆರೆಗೇ ಹೋಗಬೇಕು, ಮಾತು ಅಲ್ಲಿಗೆ ಮುಗಿದಂತೆ. ಸಂಘಕ್ಕೆ ಬೇಕಾದದ್ದೂ ಅದೇ. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಸುಮ್ಮನೆ ನಿಲ್ಲುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವೂ ಇತ್ತು.

ಭಾರಕ್ಕೆ ಅವಳು ಒಂದು ಕಡೆ ವಾಲಿ ನಿಂತಿದ್ದಳು. ಅವಳು ನನ್ನನ್ನು ಕರೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನಾನು ಯಾವಾಗ ಹೆಜ್ಜೆ ಎತ್ತಿದೆನೋ ತಿಳಿಯದು. ಅವಳ ಎದುರು ಹೋಗಿ ನಿಂತು ಕೈ ಚಾಚಿದ್ದೆ. ಅವಳು ಕೊಡದ ಬಾಯಿ ಹಿಡಿದುಕೊಂಡೇ ಪದ್ಧತಿಯಂತೆ ಕೇಳಿದಳು: "ಯಾತಕ್ಕ?"

ಬಾಯಿ ತೆರೆದೆ, ಮಾತು ಬರಲಿಲ್ಲ. ಆಗ ನನ್ನ ಬೆನ್ನ ಹಿಂದೆ ಗುಂಯ್ ಎಂದಿತು. ತಿರುಗಿ ನೋಡಿದೆ. ಖಾಸಿಂಸಾಬ ಮುಖವನ್ನು ಆಚೆ ತಿರುಗಿಸಿಕೊಂಡು ನಿಂತಿದ್ದ. ಕುತ್ತಿಗೆಯ ನರ ಸಿಟ್ಟಿಗೆ ಉಬ್ಬಿತ್ತು, ಆದರೂ ಮೂಗಿನಿಂದ ಸದ್ದು ಹೊರಡಿಸುತ್ತಿದ್ದ. ಅವನ ಪಕ್ಕದವನೂ ಶುರು ಮಾಡಿದ. ಆಮೇಲೆ ಒಲೆಯ ಆಳುಗಳೆಲ್ಲ, ಹೊನ್ನೂರಪ್ಪ, ಪಂಪಿನ ಮನೆಯವನು, ದೂರದಲ್ಲಿ ಸಾಹೇಬರು. ಗೊತ್ತಿಲ್ಲದ ಇಂದುಶ್ರೀಯೂ ಕೊನೆಗೆ ಕಲಿತುಕೊಂಡರು. ಕಾರ್ಖಾನೆಯ ನೀರಿಗೆ ನಮ್ಮೂರು ಯಾವತ್ತೂ ಗುಂಯ್‌ಗುಟ್ಟಿದ್ದಿಲ್ಲ. ಅವರು ನನ್ನ ಮೇಲೆ ಕೋಪ ಬಿಟ್ಟಿರಲಿಲ್ಲ, ಪ್ಲಾಂಟಿಗೆ ಒಪ್ಪಿಯೂ ಇರಲಿಲ್ಲ. ಇದು ಫಕೀರಪ್ಪನ ಮನೆಯ ಮಾತು, ಅವನಷ್ಟಕ್ಕೆ ಹೇಳಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದರು.

ಆ ಸದ್ದಿನ ಮರೆಯಲ್ಲಿ ನಾನು ಹೇಳಿದೆ. "ನನಗ ಸಾಯಾಕ ಅಂಜಿಕಿ ಐತಿ. ನನಗ ಇನ್ನೂ ಬದುಕಬೇಕು. ಅದಕ್ಕ."

ಅವಳು ಕೈ ಬಿಟ್ಟಳು. ಭಾರವೆಲ್ಲ ನನ್ನ ಕೈಗೆ ಬಂತು. ಈಗ ಹಗುರವಾಗುತ್ತದೆ, ನಾನು ಒಲೆಯ ಮನುಷ್ಯ, ಇದು ನನ್ನ ಮಾತೇ ಅಲ್ಲ, ಕೆರೆಗೆ ಗೊತ್ತಾಗಿಬಿಡುತ್ತದೆ ಎಂದು ಕಾದೆ. ಕೊಡ ಹೆಗಲಿಗೇರಿಸಿ ಪಂಪಿನ ಮನೆಯ ಕಡೆ ನಡೆದೆ. ಜನ ದಾರಿ ಬಿಟ್ಟರು. ಅರ್ಧ ದಾರಿಯಲ್ಲಿ ಕೆಮ್ಮು ಬಂತು, ನಿಂತು ಎಲ್ಲರ ಎದುರಿಗೇ ಕೆಮ್ಮಿದೆ, ಟವೆಲ್ಲು ಹೆಗಲ ಮೇಲೇ ಇತ್ತು. ಗಾಳೆವ್ವ ಪಕ್ಕದಲ್ಲಿ ನಿಂತು ಕಾದಳು, ಕೊಡಕ್ಕೆ ಕೈ ಹಾಕಲಿಲ್ಲ. ಕೆಮ್ಮು ನಿಂತ ಮೇಲೆ ಮತ್ತೆ ನಡೆದೆವು. ಪಂಪಿನ ಮನೆ ಮುಟ್ಟುವವರೆಗೂ ಆ ಕೊಡ ಭಾರವಾಗಿಯೇ ಇತ್ತು.